ಸಣ್ಣ ಟ್ರಾಕ್ಟರಿನ ಹೈಡ್ರಾಲಿಕ್ ಎಣ್ಣೆ: ಹರಿಹರ ಸೀಮೆಯ ಜಮೀನುದಾರರಲ್ಲಿ ಒಂದು ಬಿನ್ನಹ

ಹರಿಹರ ತಾಲ್ಲೂಕಿನ ನಂದಿಗುಡಿ, ಮಲೇಬೆನ್ನೂರು ಮೊದಲಾದ ಗ್ರಾಮಗಳ ಸುತ್ತಮುತ್ತ ಈಚಿನ ವರ್ಷಗಳಲ್ಲಿ ಇಪ್ಪತ್ತರಿಂದ ಮೂವತ್ತು ಅಶ್ವಶಕ್ತಿಯ ಸಣ್ಣ ಟ್ರಾಕ್ಟರುಗಳು ಕಾಣಬರುತ್ತಿರುವುದು ಸರ್ವರಿಗೂ ತಿಳಿದ ವಿಷಯವೇ ಆಗಿದೆ. ಭಾಗವಾಗಿ ಭಾಗವಾಗಿ ಕಿರಿದಾದ ಹಿಡುವಳಿಗಳಲ್ಲಿಯೂ, ತೆಂಗು ಅಡಕೆಗಳ ಸಾಲುಗಳ ನಡುವೆಯೂ ದೊಡ್ಡ ಟ್ರಾಕ್ಟರು ತಿರುಗಲಾರದು. ಎತ್ತಿನ ಜೋಡಿಯನ್ನು ವರ್ಷವೆಲ್ಲ ಸಾಕುವುದು ದುಸ್ತರವಾಗಿದೆ. ಹೊತ್ತಿಗೆ ಸರಿಯಾಗಿ ಆಳುಗಳು ಸಿಕ್ಕುವುದೂ ಕಷ್ಟ. ಆದಕಾರಣ ಸಾಲ ಮಾಡಿಯಾದರೂ ಸಣ್ಣ ಯಂತ್ರವನ್ನು ಕೊಳ್ಳುವುದು ಯುಕ್ತವೆಂದು ಅನೇಕರು ತೀರ್ಮಾನಿಸಿರುವುದು ತಪ್ಪಲ್ಲ. ಆದರೆ ಕೊಳ್ಳುವಾಗ ಹತ್ತು ಕಡೆ ವಿಚಾರಿಸಿ, ಅಶ್ವಶಕ್ತಿಯನ್ನೂ ಬೆಲೆಯನ್ನೂ ತೂಗಿ ನೋಡುವ ನಮ್ಮ ಜಮೀನುದಾರರು, ಕೊಂಡ ಮೇಲೆ ಅದರ ಹೊಟ್ಟೆಗೆ ಯಾವ ಎಣ್ಣೆಯನ್ನು ಹಾಕಬೇಕೆಂಬುದನ್ನು ಮಾತ್ರ ಚಾಲಕನಿಗೋ ಅಂಗಡಿಯವನಿಗೋ ಬಿಟ್ಟುಬಿಡುತ್ತಾರೆ. ಈ ಪದ್ಧತಿಯು ಸರಿಯಲ್ಲವೆಂಬುದೂ, ಇದನ್ನು ತಿದ್ದುವುದು ಗ್ರಾಮದ ಮುಖಂಡರ ಕೈಯಲ್ಲಿಯೇ ಇದೆಯೆಂಬುದೂ ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಾಚಕ ಮಹಾಶಯರ ಮುಂದಿಡಲು ಈ ಲೇಖನವನ್ನು ಬರೆದಿದ್ದೇನೆ.

ನಮ್ಮ ಹಿರಿಯರು ಎತ್ತಿಗೆ ಏನು ತಿನ್ನಿಸಬೇಕೆಂಬುದನ್ನು ಅಂಗಡಿಯವನನ್ನು ಕೇಳುತ್ತಿರಲಿಲ್ಲ. ಬಂಡಿಯ ಅಚ್ಚಿಗೆ ಹರಳೆಣ್ಣೆಯ ಕೀಲೆಣ್ಣೆಯನ್ನು ತಾವೇ ನಿಂತು ಹಚ್ಚಿಸುತ್ತಿದ್ದರು. ಹರಿಹರದವರಿಗೆ ಈ ಮಾತನ್ನು ಬೇರೊಂದು ರೀತಿಯಲ್ಲಿಯೂ ನೆನಪು ಮಾಡಿಕೊಡಬಹುದು. 1941ರಲ್ಲಿ ಆರಂಭವಾಗಿ ದಶಕಗಳ ಕಾಲ ಲೇತ್ ಯಂತ್ರಗಳನ್ನು ತಯಾರಿಸಿ ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದ ಹಿರಿಯರು ನಮ್ಮ ಗ್ರಾಮಗಳಲ್ಲಿ ಇನ್ನೂ ಇದ್ದಾರೆ. ಲೇತಿನ ಗೇರುಗಳಿಗೆ ಒಂದು ಎಣ್ಣೆ, ಜಾರುವ ಹಾಸಿಗೆ ಇನ್ನೊಂದು, ಕತ್ತರಿಸುವ ಉಳಿಗೆ ಮತ್ತೊಂದು ಎಂಬುದನ್ನು ಅವರು ಬಲ್ಲರು. ಮೂರು ಬಗೆಯ ಕೆಲಸಕ್ಕೆ ಮೂರು ಎಣ್ಣೆ. ಸಣ್ಣ ಟ್ರಾಕ್ಟರಿನ ಕಷ್ಟವೆಂದರೆ, ಅದರಲ್ಲಿ ನಾಲ್ಕು ಬಗೆಯ ಕೆಲಸವನ್ನು ಒಂದೇ ಎಣ್ಣೆಯು ಮಾಡಬೇಕಾಗಿದೆ.

ಇದು ಹೇಗೆಂಬುದನ್ನು ವಿವರಿಸುತ್ತೇನೆ. ಟ್ರಾಕ್ಟರಿನ ಹಿಂದೆ ಮೂರು ತೋಳುಗಳಿಗೆ ಉಪಕರಣವನ್ನು ಸಿಕ್ಕಿಸಿ ಎಣ್ಣೆಯ ಒತ್ತಡದಿಂದ ಎತ್ತಿ ಇಳಿಸುವ ಏರ್ಪಾಟು ಹ್ಯಾರಿ ಫರ್ಗ್ಯುಸನ್ ಎಂಬ ಐರ್ಲೆಂಡಿನ ಯಂತ್ರಜ್ಞನದು. 1939ರಲ್ಲಿ ಫೋರ್ಡ್ ಕಂಪನಿಯವರೊಡನೆ ಸೇರಿ ಹೊರತಂದ ಟ್ರಾಕ್ಟರಿನಿಂದ ಅದು ಲೋಕಪ್ರಸಿದ್ಧವಾಯಿತು. ಇಂದಿನ ಸಣ್ಣ ಟ್ರಾಕ್ಟರುಗಳಲ್ಲಿ ಅನೇಕವು ಗೇರುಪೆಟ್ಟಿಗೆ, ಹಿಂದಿನ ಅಚ್ಚು, ಲಿಫ್ಟು, ಎಣ್ಣೆಯಲ್ಲಿ ಮುಳುಗಿದ ಬ್ರೇಕುಗಳು, ಈ ನಾಲ್ಕಕ್ಕೂ ಒಂದೇ ಎಣ್ಣೆಮನೆಯನ್ನು ಹೊಂದಿರುತ್ತವೆ. ಗೇರುಗಳ ಹಲ್ಲುಗಳು ಒಂದನ್ನೊಂದು ತಿನ್ನದಂತೆ ಎಣ್ಣೆಯು ಗಟ್ಟಿಯಾದ ಪೊರೆಯಾಗಿ ನಿಲ್ಲಬೇಕು. ಲಿಫ್ಟಿನ ಪಂಪಿನಲ್ಲಿ ಕೂದಲೆಳೆಗಿಂತ ಕಿರಿದಾದ ಸಂದುಗಳೊಳಗೆ ಅದೇ ಎಣ್ಣೆಯು ಸಲೀಸಾಗಿ ಹರಿಯಬೇಕು. ಬ್ರೇಕಿನ ತಟ್ಟೆಗಳ ಮೇಲಾದರೋ ಅದು ಅತಿಯಾಗಿ ಜಾರಲೂಬಾರದು, ಕಚ್ಚಿ ಅದುರಿಸಲೂಬಾರದು. ಗಾಳಿಯೊಡನೆ ಕಲಸಿದಾಗ ನೊರೆಯೇಳಬಾರದು. ತೇವ ಸೇರಿದರೂ ಒಳಗೆ ತುಕ್ಕು ಹಿಡಿಯಗೊಡಬಾರದು. ಇಷ್ಟು ಗುಣಗಳು ಭೂಮಿಯಿಂದ ತೆಗೆದ ಬರಿಯ ಎಣ್ಣೆಯಲ್ಲಿ ಇರುವುದಿಲ್ಲ. ಹಲವು ರಾಸಾಯನಿಕ ಮಿಶ್ರಣಗಳನ್ನು ಅಳತೆಯಂತೆ ಕೂಡಿಸಿದಾಗ ಮಾತ್ರ ಬರುತ್ತವೆ. ಇಂತಹ ಎಣ್ಣೆಗೆ ವ್ಯಾಪಾರದಲ್ಲಿ ಯು.ಟಿ.ಟಿ.ಓ. ಎಂದು ಹೆಸರು. ಎಂಜಿನಿಗೂ ಸಲ್ಲುವಂತೆ ಮಾಡಿದ ಮತ್ತೊಂದು ಜಾತಿಗೆ ಎಸ್.ಟಿ.ಓ.ಯು. ಎನ್ನುತ್ತಾರೆ. ಇವೆರಡೂ ಒಂದೇ ಅಲ್ಲ.

ಅಂಗಡಿಯಲ್ಲಿ ಕೇಳಿಬರುವ ಅಂಕೆಗಳಿಂದ ಮೋಸಹೋಗುವುದು ಸುಲಭ. ಹೈಡ್ರಾಲಿಕ್ ಎಣ್ಣೆಯ ಮೇಲಿನ 46 ಅಥವಾ 68 ಎಂಬುದು ನಲವತ್ತು ಡಿಗ್ರಿ ಉಷ್ಣತೆಯಲ್ಲಿ ಆ ಎಣ್ಣೆಯ ಸ್ನಿಗ್ಧತೆಯ, ಎಂದರೆ ಮಂದತನದ ಅಳತೆ. ಎಂಜಿನ್ ಎಣ್ಣೆಯ 30, 40 ಎಂಬುವು ಬೇರೆ ಕ್ರಮದ ಅಂಕೆಗಳು. ಗೇರ್ ಎಣ್ಣೆಯ 90 ಎಂಬುದು ಇನ್ನೂ ಬೇರೆ. ತೊಂಬತ್ತು ನಂಬರಿನ ಗೇರ್ ಎಣ್ಣೆಯು ನಲವತ್ತು ನಂಬರಿನ ಎಂಜಿನ್ ಎಣ್ಣೆಗಿಂತ ಎರಡು ಪಾಲು ಮಂದವೆಂದು ತಿಳಿದವರು ಹಲವರುಂಟು. ನಿಜವಾಗಿ ಅದು ಎಂಜಿನ್ ಎಣ್ಣೆಯ ನಲವತ್ತು ಅಥವಾ ಐವತ್ತರ ಆಸುಪಾಸಿನಲ್ಲಿಯೇ ಇರುತ್ತದೆ. ಆದ್ದರಿಂದ ಅಂಕೆಯನ್ನು ಅಂಕೆಗೆ ಹೋಲಿಸಿ ಎಣ್ಣೆಯನ್ನು ಆರಿಸುವುದು ಸೇರನ್ನು ಮೊಳದಿಂದ ಅಳೆದಂತಾಗುತ್ತದೆ. ಮೇಲಾಗಿ, ಮಂದತನವೊಂದು ಸರಿಹೋದ ಮಾತ್ರಕ್ಕೆ ಬ್ರೇಕಿಗೆ ಬೇಕಾದ ಗುಣವು ಬಂದಂತಾಗಲಿಲ್ಲ. 46ರ ಸಾದಾ ಹೈಡ್ರಾಲಿಕ್ ಎಣ್ಣೆಯು ಜೆ.ಸಿ.ಬಿ. ಮೊದಲಾದ ಯಂತ್ರಗಳ ಪ್ರತ್ಯೇಕ ತೊಟ್ಟಿಗಳಿಗೆ ಯೋಗ್ಯವಾಗಿರಬಹುದು. ಗೇರು ಬ್ರೇಕುಗಳೆರಡನ್ನೂ ಒಳಗೊಂಡ ಎಣ್ಣೆಮನೆಗೆ ಅದನ್ನು ಹಾಕಿದರೆ ಗೇರಿನ ಹಲ್ಲು ಸವೆಯುವುದು, ಬ್ರೇಕು ಕಿರುಗುಟ್ಟಿ ಅದುರುವುದು. ಹಾಗೆಯೇ ಲಾರಿಯ ಅಚ್ಚಿಗೆ ಹಾಕುವ ತೀವ್ರ ಗಂಧಕಾಂಶದ ಕೆಲವು ಗೇರ್ ಎಣ್ಣೆಗಳು ಪಂಪಿನೊಳಗಿನ ಹಿತ್ತಾಳೆ ಕಂಚುಗಳ ಬಿಡಿಭಾಗಗಳನ್ನು ಕೊರೆಯುತ್ತವೆ.

ಹಾಗಾದರೆ ಆರಿಸುವುದು ಹೇಗೆ? ಉತ್ತರವು ಯಂತ್ರದೊಡನೆ ಬಂದ ಕೈಪಿಡಿಯಲ್ಲಿದೆ. ತಯಾರಕರು ತಮ್ಮ ಎಣ್ಣೆಯ ಗುಣಮಾನಕ್ಕೆ ಒಂದು ಸಂಕೇತವನ್ನು ಕೊಟ್ಟಿರುತ್ತಾರೆ. ಜಾನ್ ಡಿಯರ್ ಕಂಪನಿಯವರ ಜೆ20ಸಿ, ಮ್ಯಾಸಿ ಫರ್ಗ್ಯುಸನ್ನಿನವರ ಎಂ1145, ಕುಬೋಟದವರ ಯು.ಡಿ.ಟಿ. ಎಂಬುವು ಇಂತಹವು. ಡಬ್ಬಿಯ ಮೇಲೆ ಆ ಸಂಕೇತವೇ ಅಚ್ಚಾಗಿರಬೇಕು. ಅಕ್ಷರವೊಂದು ವ್ಯತ್ಯಾಸವಾದರೂ ಎಣ್ಣೆ ಬೇರೆಯೆಂದು ತಿಳಿಯಬೇಕು: ಜೆ20ಡಿ ಎಂಬುದು ಶೀತದೇಶಗಳಿಗಾಗಿ ಮಾಡಿದ ತೆಳುವಾದ ಎಣ್ಣೆ; ಬೇಸಗೆಯಲ್ಲಿ ಕಾಯುವ ನಮ್ಮ ಬಯಲುಸೀಮೆಗೆ ಅದು ಬೇಕಾಗಿಲ್ಲ. ಇಂಗ್ಲಿಷ್ ಓದಲು ಬಾರದವರು ಮನೆಯ ಮಕ್ಕಳಿಂದ ಆ ಸಂಕೇತವನ್ನು ಒಂದು ಚೀಟಿಯಲ್ಲಿ ಬರೆಯಿಸಿ ಟ್ರಾಕ್ಟರಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ ಸಾಕು. ನಾಲ್ಕು ಚಕ್ರಗಳ ಚಾಲನೆಯ ಯಂತ್ರಗಳಲ್ಲಿ ಮುಂದಿನ ಅಚ್ಚಿಗೆ ಬೇರೆ ಎಣ್ಣೆಮನೆ ಇರುವುದರಿಂದಲೂ, ಕೆಲವು ಯಂತ್ರಗಳಲ್ಲಿ ಪವರ್ ಸ್ಟಿಯರಿಂಗಿಗೆ ಪ್ರತ್ಯೇಕ ಡಬ್ಬಿ ಇರುವುದರಿಂದಲೂ, ಒಂದೊಂದಕ್ಕೆ ಯಾವುದೆಂಬುದನ್ನು ಅದೇ ಚೀಟಿಯಲ್ಲಿ ಬರೆದಿಡುವುದು ಲೇಸು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಟ್ರಾಕ್ಟರ್ ಕಂಪನಿಯ ಹೆಸರುಳ್ಳ ಡಬ್ಬಿಯನ್ನೇ ಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಎಣ್ಣೆ ಕಂಪನಿಗಳು ತಯಾರಿಸಿದ ಡಬ್ಬಿಯ ಮೇಲೆ ಅದೇ ಗುಣಮಾನವು ನಮೂದಾಗಿದ್ದು, ಮೊಹರು ಒಡೆಯದೆ, ರಸೀದಿಯೊಡನೆ ದೊರಕುವುದಾದರೆ ಅದೂ ಯೋಗ್ಯವೇ. ಖಾತರಿಯ ಅವಧಿ ಮುಗಿಯುವವರೆಗೆ ಕೈಪಿಡಿಯನ್ನು ಅಕ್ಷರಶಃ ಅನುಸರಿಸಿ ರಸೀದಿಗಳನ್ನು ಜೋಪಾನ ಮಾಡುವುದು ವಿವೇಕ. ಗುಣಮಾನವನ್ನು ನೋಡಬೇಕೇ ಹೊರತು ಡಬ್ಬಿಯ ಬಣ್ಣವನ್ನಲ್ಲ, ಅಂಗಡಿಯವನ ಬಾಯಿಮಾತನ್ನೂ ಅಲ್ಲ.

ಬರಿಯ ಹೆಸರನ್ನು ನಂಬುವುದು ಎಷ್ಟು ಅನರ್ಥಕರವೆಂಬುದಕ್ಕೆ ಅಮೆರಿಕ ದೇಶದಲ್ಲಿ ನಡೆದ ಒಂದು ಸಂಗತಿಯು ನಿದರ್ಶನವಾಗಿದೆ. ಅಲ್ಲಿ ಹಿಂದೆ 303 ಎಂಬ ಸಂಕೇತದ ಟ್ರಾಕ್ಟರ್ ಎಣ್ಣೆಯೊಂದು ಬಳಕೆಯಲ್ಲಿತ್ತು. ಅದಕ್ಕೆ ಸ್ಪರ್ಮ್ ಜಾತಿಯ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು. 1970ರ ದಶಕದಲ್ಲಿ ತಿಮಿಂಗಿಲದ ಎಣ್ಣೆಯು ನಿಷಿದ್ಧವಾಗಲು ಆ ಗುಣಮಾನವು ಕಾಲಗತವಾಯಿತು. ತಯಾರಕರು ಹೊಸ ಗುಣಮಾನಗಳನ್ನು ಏರ್ಪಡಿಸಿಕೊಂಡರು. ಆದರೆ 303 ಎಂಬ ಹೆಸರು ಮಾತ್ರ ಉಳಿಯಿತು. ಎಲ್ಲ ಟ್ರಾಕ್ಟರುಗಳಿಗೂ ಸಲ್ಲುವುದೆಂಬ ಮಾತಿನೊಡನೆ ಅಗ್ಗದ ಬಕೀಟುಗಳು ಆ ಹೆಸರಿನಲ್ಲಿ ದಶಕಗಳ ಕಾಲ ಮಾರಾಟವಾದವು. ಕಡೆಗೆ 2017ರಲ್ಲಿ ಮಿಸೌರಿ ಸಂಸ್ಥಾನದ ಕೃಷಿ ಇಲಾಖೆಯವರು ಅಂಗಡಿಗಳಿಂದ ಮಾದರಿಗಳನ್ನು ತೆಗೆದು ಪರೀಕ್ಷಿಸಿ, ಅವು ಯಂತ್ರಕ್ಕೆ ತಕ್ಕವಲ್ಲವೆಂದು ಕಂಡು, ಆ ಹೆಸರಿನ ಎಣ್ಣೆಯ ಮಾರಾಟವನ್ನೇ ನಿಷೇಧಿಸಿದರು. ಅಕ್ಷರಸ್ಥರೂ ಅನುಕೂಲಸ್ಥರೂ ಆದ ರೈತರಿರುವ ದೇಶದಲ್ಲಿ ಹೀಗಾದ ಮೇಲೆ, ಎಲ್ಲ ಯಂತ್ರಗಳಿಗೂ ಆಗುವುದೆಂದು ಹೇಳಿ ಬಿಡಿಯಾಗಿ ಅಳೆದುಕೊಡುವ ಎಣ್ಣೆಯನ್ನು ನಾವು ಕಣ್ಣುಮುಚ್ಚಿ ಕೊಳ್ಳುವುದು ಸಾಧುವೇ?

ಈ ಅಭಿಪ್ರಾಯಕ್ಕೆ ಎರಡು ಆಕ್ಷೇಪಣೆಗಳು ಬರುವುದುಂಟು. ಮೊದಲನೆಯದು: ನಮ್ಮ ತಂದೆಯವರ ಕಾಲದ ದೊಡ್ಡ ಟ್ರಾಕ್ಟರು ತೊಂಬತ್ತರ ಎಣ್ಣೆಯಲ್ಲಿಯೇ ಇಪ್ಪತ್ತು ವರ್ಷ ದುಡಿಯಲಿಲ್ಲವೇ? ಈಗೇಕೆ ಇಷ್ಟು ರಗಳೆ? ಈ ಪ್ರಶ್ನೆಯು ಅನುಭವದಿಂದ ಹುಟ್ಟಿದ್ದಾದುದರಿಂದ ತಳ್ಳಿಹಾಕತಕ್ಕದ್ದಲ್ಲ. ಆದರೆ ಆ ಹಳೆಯ ಯಂತ್ರಗಳಲ್ಲಿ ಹಲವಕ್ಕೆ ಬ್ರೇಕು ಒಣ ಬ್ರೇಕಾಗಿತ್ತು. ಲಿಫ್ಟಿನ ಎಣ್ಣೆಮನೆಯೂ ಗೇರಿನ ಎಣ್ಣೆಮನೆಯೂ ಬೇರೆ ಬೇರೆಯಾಗಿದ್ದವು. ಗೇರಿಗೆ ತೊಂಬತ್ತರ ಎಣ್ಣೆಯನ್ನೂ ಲಿಫ್ಟಿಗೆ ಎಂಜಿನ್ ಎಣ್ಣೆಯನ್ನೂ ಹಾಕಬೇಕೆಂದು ಕೆಲವು ತಯಾರಕರೇ ವಿಧಿಸಿದ್ದರು. ಅವರ ಕೈಪಿಡಿಯಂತೆ ಅವರು ನಡೆದರು, ಯಂತ್ರವು ಬಾಳಿತು. ನಾವೂ ನಮ್ಮ ಯಂತ್ರದ ಕೈಪಿಡಿಯಂತೆ ನಡೆದರೆ ಹಿರಿಯರ ಮಾರ್ಗವನ್ನೇ ಅನುಸರಿಸಿದಂತಾಯಿತು. ಹಳೆಯ ಯಂತ್ರವನ್ನು ಇಟ್ಟುಕೊಂಡವರು ಈಗಲೂ ಅದರ ಹಳೆಯ ವಿಧಿಯನ್ನು ಬಿಡಬೇಕಾಗಿಲ್ಲ.

ಎರಡನೆಯ ಆಕ್ಷೇಪಣೆ ಖರ್ಚಿನದು. ಇದಕ್ಕೆ ಲೆಕ್ಕವೇ ಉತ್ತರ. ಎಣ್ಣೆಮನೆಯು ಇಪ್ಪತ್ತು ಲೀಟರು ಹಿಡಿಯುವುದೆಂದೂ, ತಕ್ಕ ಎಣ್ಣೆಗೂ ಅಗ್ಗದ ಎಣ್ಣೆಗೂ ಲೀಟರಿಗೆ 100 ರೂಪಾಯಿ ಅಂತರವೆಂದೂ, ಎಣ್ಣೆಯನ್ನು 400 ಗಂಟೆಗಳಿಗೆ ಒಮ್ಮೆ ಬದಲಿಸಬೇಕೆಂದೂ ಇಟ್ಟುಕೊಳ್ಳೋಣ. ಅಂತರದ ಮೊತ್ತ 2,000 ರೂಪಾಯಿ. ಗಂಟೆಯೊಂದಕ್ಕೆ 5 ರೂಪಾಯಿ. ಗಂಟೆಗೆ ಐದು ರೂಪಾಯಿ ಉಳಿಸಲು ಹೋಗಿ ಪಂಪು, ಬ್ರೇಕಿನ ತಟ್ಟೆ, ಸೀಲುಗಳನ್ನು ಪಣಕ್ಕೆ ಒಡ್ಡುವುದು ಉಳಿತಾಯವೆನಿಸದು. ವಾಚಕರು ತಮ್ಮ ಯಂತ್ರದ ಅಳತೆಯನ್ನೂ ತಮ್ಮ ಪೇಟೆಯ ಧಾರಣೆಯನ್ನೂ ಹಾಕಿಕೊಂಡು ಇದೇ ಲೆಕ್ಕವನ್ನು ಮಾಡಿ ನೋಡಬಹುದು.

ಈ ಲೆಕ್ಕದಲ್ಲಿ ಸೇರದ ನಷ್ಟವು ಇನ್ನೂ ದೊಡ್ಡದು. ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ನೀರು ಬಿಡುವ ದಿನವು ನಮ್ಮ ಕೈಯಲ್ಲಿಲ್ಲ. ನೀರು ಬಂದಾಗ ಗದ್ದೆಯು ರೊಳ್ಳೆಗೆ ಸಿದ್ಧವಾಗಬೇಕು. ಸಸಿಯ ಮಡಿಯು ಕಾಯುವುದಿಲ್ಲ. ನಾಟಿಯ ಆಳುಗಳು ಇಂದು ನಮ್ಮಲ್ಲಿ, ನಾಳೆ ಮತ್ತೊಬ್ಬರಲ್ಲಿ. ನಾಲೆಯ ಕೊನೆಯ ಭಾಗದವರಿಗಂತೂ ಒಂದೊಂದು ದಿನವೂ ಅಮೂಲ್ಯ. ಕಳೆದೊಂದು ಬೇಸಗೆ ಬೆಳೆಯ ಕಾಲದಲ್ಲಿ ನಂದಿಗುಡಿಯ ಕಡೆ ನಾನು ಕಂಡ ಒಂದು ಸಣ್ಣ ಟ್ರಾಕ್ಟರು ಬೆಳಗ್ಗೆ ರೋಟವೇಟರನ್ನು ಸಲೀಸಾಗಿ ಎತ್ತುತ್ತಿತ್ತು. ಹೊತ್ತೇರಿ ಎಣ್ಣೆಯು ಕಾಯುತ್ತಲೇ ಎತ್ತಲಾರದೆ ಕೆಳಕ್ಕೆ ಕುಸಿಯುತ್ತಿತ್ತು. ಎಣ್ಣೆಯನ್ನು ತೆಗೆದು ನೋಡಿದಾಗ ಅದು ಮೂರು ಬಗೆಯ ಎಣ್ಣೆಗಳ ಮಿಶ್ರಣವಾಗಿ, ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ಯಂತ್ರದ ಯಜಮಾನರಿಗೆ ರಿಪೇರಿಯ ಖರ್ಚು ಬಂದಿತು. ಆದರೆ ಅವರ ಯಂತ್ರವನ್ನೇ ಬಾಡಿಗೆಗೆ ನಂಬಿದ್ದ ನಾಲ್ಕು ಸಣ್ಣ ಹಿಡುವಳಿದಾರರ ಗದ್ದೆಗಳಲ್ಲಿ ನೀರು ನಿಂತು, ಸಸಿ ಬಲಿತು, ನಾಟಿಯು ತಡವಾಯಿತು. ಅವರ ತಪ್ಪು ಏನೂ ಇರಲಿಲ್ಲ. ಒಬ್ಬ ಜಮೀನುದಾರರ ಎಣ್ಣೆಯ ಡಬ್ಬಿಯು ಹತ್ತು ಮನೆಗಳ ಅನ್ನದ ವಿಷಯವೆಂದು ನಾನು ಹೇಳುವುದು ಈ ಕಾರಣದಿಂದ.

ರೊಳ್ಳೆಯ ಕೆಲಸದಲ್ಲಿ ಎಣ್ಣೆಗೆ ನೀರೇ ಮೊದಲ ಶತ್ರು. ಅಚ್ಚಿನವರೆಗೆ ಕೆಸರಿನಲ್ಲಿ ಮುಳುಗಿ ನಡೆಯುವಾಗ ಸವೆದ ಸೀಲಿನ ಮೂಲಕವೂ, ಉಸಿರುಕೊಳವೆಯ ಮೂಲಕವೂ ನೀರು ಒಳಸೇರುತ್ತದೆ. ಹಗಲು ಕಾದು ರಾತ್ರಿ ತಣಿಯುವುದರಿಂದ ಒಳಗೆ ಇಬ್ಬನಿಯಂತೆ ತೇವವೂ ಕಟ್ಟುತ್ತದೆ. ಆದ್ದರಿಂದ ರೊಳ್ಳೆಯ ದಿನಗಳಲ್ಲಿ ಪ್ರತಿದಿನವೂ ಬೆಳಗ್ಗೆ, ಯಂತ್ರವನ್ನು ಸಮನಾದ ನೆಲದಲ್ಲಿ ನಿಲ್ಲಿಸಿ, ಲಿಫ್ಟನ್ನು ಕೆಳಕ್ಕಿಳಿಸಿ, ಎಂಜಿನನ್ನು ಆರಿಸಿ, ಅಳತೆಯ ಕಡ್ಡಿಯನ್ನು ಒರೆಸಿ ನೋಡಬೇಕು. ಎಣ್ಣೆಯು ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದೇ ಅರ್ಥ. ಸಂದೇಹವಿದ್ದರೆ ಕಾದ ಕಬ್ಬಿಣದ ತಗಡಿನ ಮೇಲೆ ದೂರದಿಂದ ಒಂದು ಹನಿಯನ್ನು ಬೀಳಿಸಿ ನೋಡಬಹುದು. ಚಟಪಟ ಸಿಡಿದರೆ ನೀರಿದೆ. ಹೀಗಾದಾಗ ಮೇಲೆ ಹೊಸ ಎಣ್ಣೆಯನ್ನು ಸುರಿದು ಸಮಾಧಾನಪಡುವುದು ಸಲ್ಲದು. ಎಣ್ಣೆಯು ಬೆಚ್ಚಗಿರುವಾಗಲೇ ಪೂರ್ತಿ ಇಳಿಸಿ, ಫಿಲ್ಟರನ್ನು ಬದಲಿಸಿ, ನೀರು ಬಂದ ದಾರಿಯನ್ನು ಹುಡುಕಿ ಮುಚ್ಚಿಸಿ, ಅನಂತರ ಹೊಸದನ್ನು ತುಂಬಬೇಕು. ಹೊಸ ಯಂತ್ರದಲ್ಲಿ ಮೊದಲ ಐವತ್ತು ಗಂಟೆಗಳ ತರುವಾಯ ಫಿಲ್ಟರ್ ಬದಲಿಸಬೇಕೆಂದು ಅನೇಕ ತಯಾರಕರು ವಿಧಿಸುತ್ತಾರೆ. ಹೊಸ ಗೇರುಗಳು ಉದುರಿಸುವ ಕಬ್ಬಿಣದ ಪುಡಿಯನ್ನು ಹೊರತೆಗೆಯುವುದಕ್ಕಾಗಿ ಹೇಳಿದ ಈ ಮಾತನ್ನು ಉಪೇಕ್ಷಿಸಬಾರದು.

ಮತ್ತೊಂದು ದಾರಿಯಿಂದ ಎಣ್ಣೆಯು ಕೆಡುವುದನ್ನು ಬಹುಜನರು ಗಮನಿಸಿಲ್ಲ. ಮಣ್ಣು, ಗೊಬ್ಬರ, ಭತ್ತಗಳನ್ನು ಸಾಗಿಸುವ ಎತ್ತಿ ಸುರಿಯುವ ಟ್ರೇಲರನ್ನು ಇಂದು ಒಬ್ಬರ ಟ್ರಾಕ್ಟರಿಗೆ, ನಾಳೆ ಮತ್ತೊಬ್ಬರದಕ್ಕೆ ಕಟ್ಟುವುದು ನಮ್ಮಲ್ಲಿ ವಾಡಿಕೆ. ಟ್ರೇಲರಿನ ಜಾಕಿಯು ಟ್ರಾಕ್ಟರಿನ ಎಣ್ಣೆಯನ್ನೇ ಎಳೆದುಕೊಂಡು ಮೇಲೇರುತ್ತದೆ. ಇಳಿಯುವಾಗ ಅದನ್ನು ಹಿಂದಿರುಗಿಸುತ್ತದೆ. ಹೀಗೆ ನಿನ್ನೆಯ ಟ್ರಾಕ್ಟರಿನ ಎಣ್ಣೆಯೂ, ಕೊಳವೆಯ ತುದಿಗೆ ಅಂಟಿದ ಮಣ್ಣೂ ಇಂದಿನ ಟ್ರಾಕ್ಟರಿನ ಹೊಟ್ಟೆಯನ್ನು ಸೇರುತ್ತವೆ. ನೆರೆಹೊರೆಯವರಲ್ಲಿ ಕೊಡುಕೊಳ್ಳುವುದು ಒಳ್ಳೆಯ ಪದ್ಧತಿ. ಅದನ್ನು ಬಿಡಬೇಕೆಂದು ನಾನು ಹೇಳೆನು. ಆದರೆ ಕೊಳವೆಯನ್ನು ಸಿಕ್ಕಿಸುವ ಮುನ್ನ ತುದಿಯನ್ನು ಶುಭ್ರವಾದ ಬಟ್ಟೆಯಿಂದ ಒರೆಸಿ, ಬಿಚ್ಚಿದ ಮೇಲೆ ಮುಚ್ಚಳವನ್ನು ಹಾಕುವುದೂ, ಒಂದು ಟ್ರೇಲರನ್ನು ಹಂಚಿಕೊಳ್ಳುವವರು ಸಾಧ್ಯವಾದಷ್ಟು ಒಂದೇ ಗುಣಮಾನದ ಎಣ್ಣೆಯನ್ನು ಬಳಸುವುದೂ ಆವಶ್ಯಕ.

ವಂಶಪಾರಂಪರ್ಯದ ಪಟೇಲಿಕೆಯು 1960ರ ದಶಕದಲ್ಲಿ ರದ್ದಾಯಿತಾದರೂ, ಗ್ರಾಮದಲ್ಲಿ ನಾಲ್ಕು ಜನರು ಕೇಳುವ ಮಾತಿನ ಹಿರಿಯರು ಇಂದಿಗೂ ಇದ್ದಾರೆ. ಅವರಲ್ಲಿ ನನ್ನ ಪ್ರಾರ್ಥನೆಯು ನಾಲ್ಕು ಅಂಶಗಳದು. (1) ಗ್ರಾಮದಲ್ಲಿ ಎಷ್ಟು ಟ್ರಾಕ್ಟರುಗಳಿವೆ, ಯಾವುದಕ್ಕೆ ಯಾವ ಗುಣಮಾನದ ಎಣ್ಣೆಯೆಂಬುದನ್ನು ಒಂದು ಪಟ್ಟಿಯಾಗಿ ಬರೆಯಿಸಿ ಸಹಕಾರ ಸಂಘದಲ್ಲಿ ಇಡಿಸಬೇಕು. (2) ಮುಂಗಾರು, ಬೇಸಗೆ ಬೆಳೆಗಳಿಗೆ ನೀರು ಬಿಡುವ ಮುನ್ನವೇ ಆ ಪಟ್ಟಿಯಂತೆ ಸಂಘದ ಮೂಲಕ ಮೊಹರಿನ ಡಬ್ಬಿಗಳನ್ನು ಒಟ್ಟಾಗಿ ತರಿಸಬೇಕು. ಪೀಪಾಯಿಯನ್ನು ತರಿಸಿ ಅಳೆದು ಕೊಡುವುದು ಅಗ್ಗವೆನಿಸಿದರೂ ಧೂಳು, ನೀರು, ಕಲಬೆರಕೆಗಳಿಗೆ ಅದು ಎಡೆಗೊಡುವುದರಿಂದ ಡಬ್ಬಿಯೇ ಮೇಲು. (3) ಚಾಲಕರನ್ನು ಗದರಿಸುವ ಬದಲು ಕಲಿಸಬೇಕು. ದಿನಬೆಳಗಾದರೆ ಕಡ್ಡಿ ನೋಡುವ ಚಾಲಕನಿಗೆ ಹಂಗಾಮಿನ ಕೊನೆಯಲ್ಲಿ ಸ್ವಲ್ಪ ಇನಾಮು ಕೊಟ್ಟರೆ ಅದು ಯಂತ್ರದ ರಕ್ಷಣೆಗೆ ಕೊಟ್ಟ ಹಣವೇ ಆಗುತ್ತದೆ. (4) ಡಬ್ಬಿಯ ವಿಷಯದಲ್ಲಿ ಸಂದೇಹ ಬಂದಾಗ ಖಾಲಿ ಡಬ್ಬಿಯನ್ನೂ ರಸೀದಿಯನ್ನೂ ಎಸೆಯದೆ ಇಟ್ಟುಕೊಂಡು ತಯಾರಕರಿಗೂ ಸಂಬಂಧಪಟ್ಟ ಅಧಿಕಾರಿಗಳಿಗೂ ಬರವಣಿಗೆಯಲ್ಲಿ ತಿಳಿಸಬೇಕು. ಹತ್ತು ಗ್ರಾಮಗಳಿಂದ ಹೀಗೆ ದೂರು ಬಂದರೆ ಅದಕ್ಕೆ ಬೆಲೆಯಿರುತ್ತದೆ. ಜಗಲಿಯ ಮೇಲೆ ಆಡಿದ ದೂರಿಗೆ ಇರುವುದಿಲ್ಲ. ಮಿಸೌರಿಯಲ್ಲಿ ನಡೆದಂತೆ ಅಂಗಡಿಯ ಎಣ್ಣೆಗಳ ಮಾದರಿಗಳನ್ನು ತೆಗೆದು ಪರೀಕ್ಷಿಸುವ ಕ್ರಮವು ನಮ್ಮಲ್ಲಿಯೂ ಚೆನ್ನಾಗಿ ನೆಲೆಗೊಳ್ಳಬೇಕೆಂಬುದು ನನ್ನ ಅಭಿಮತ. ಬೀಜ ಗೊಬ್ಬರಗಳನ್ನು ಪರೀಕ್ಷಿಸುವಂತೆಯೇ ಎಣ್ಣೆಯನ್ನೂ ಪರೀಕ್ಷಿಸುವುದು ರೈತನ ಹಕ್ಕಿಗೆ ಸೇರಿದ ವಿಷಯ.

ಇನ್ನೆರಡು ಎಚ್ಚರಿಕೆಯ ಮಾತುಗಳುಂಟು. ಒತ್ತಡದಲ್ಲಿರುವ ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಅಲ್ಲಿಂದ ಚಿಮ್ಮುವ ಎಣ್ಣೆಯು ಚರ್ಮವನ್ನು ಭೇದಿಸಿ ಒಳಹೊಗಬಲ್ಲುದು. ಗಾಯವು ಚಿಕ್ಕದಾಗಿ ಕಂಡರೂ ಕೈಯನ್ನೇ ಕಳೆದುಕೊಳ್ಳುವಷ್ಟು ಅಪಾಯಕರ. ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ದು, ಎಣ್ಣೆಯು ಚರ್ಮದೊಳಗೆ ನುಗ್ಗಿದೆಯೆಂದು ವೈದ್ಯರಿಗೆ ಹೇಳಬೇಕು. ಸೋರಿಕೆಯನ್ನು ಎಂದಿಗೂ ಕೈಯಿಂದ ತಡವಿ ಹುಡುಕಬಾರದು; ರಟ್ಟಿನ ತುಂಡನ್ನು ಹಿಡಿದು ನೋಡಬೇಕು. ಎರಡನೆಯದಾಗಿ, ಇಳಿಸಿದ ಹಳೆಯ ಎಣ್ಣೆಯನ್ನು ನಾಲೆಗೂ ಬಾವಿಯ ಬದಿಗೂ ಚೆಲ್ಲಬಾರದು. ನಾವು ಚೆಲ್ಲಿದ್ದು ಕೆಳಗಿನ ಗದ್ದೆಗೆ ಹರಿದು, ತುಂಗಭದ್ರೆಗೆ ಸೇರುತ್ತದೆ. ಅದೇ ಖಾಲಿ ಡಬ್ಬಿಗಳಲ್ಲಿ ತುಂಬಿಟ್ಟು, ಬಳಸಿದ ಎಣ್ಣೆಯನ್ನು ಕ್ರಮವಾಗಿ ಸಂಗ್ರಹಿಸುವವರಿಗೆ ಕೊಡುವುದು ನಮ್ಮ ಕರ್ತವ್ಯ.

ಸಣ್ಣ ಟ್ರಾಕ್ಟರು ಸಣ್ಣ ರೈತನ ಪಾಲಿಗೆ ದೊಡ್ಡ ಸಾಲವೂ ಹೌದು, ದೊಡ್ಡ ಆಸರೆಯೂ ಹೌದು. ಅದು ಸಾಲ ತೀರುವ ಮೊದಲೇ ಮುಪ್ಪಾಗುವುದೋ, ತೀರಿದ ಮೇಲೂ ಹತ್ತು ವರ್ಷ ದುಡಿಯುವುದೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದರೊಳಗಿನ ಎಣ್ಣೆಯೇ. ಮುಂದಿನ ಹಂಗಾಮಿಗೆ ನಾಲೆಯ ನೀರು ಬರುವ ಮುನ್ನ ಪ್ರತಿಯೊಬ್ಬ ಜಮೀನುದಾರರೂ ಒಂದು ಸಂಜೆ ಕೈಪಿಡಿಯನ್ನು ಬಿಚ್ಚಿ, ಎಣ್ಣೆಯ ಪುಟವನ್ನು ಓದಿಸಿ ಕೇಳಿ, ಕಡ್ಡಿಯನ್ನು ತಾವೇ ಎಳೆದು ನೋಡುವರೆಂದು ನಂಬಿದ್ದೇನೆ.

— ಒಬ್ಬ ವ್ಯವಸಾಯ ಇನ್‌ಸ್ಪೆಕ್ಟರು, ಎಲ್. ಎಜಿ.